ಗಡಿನಾಡಿನಿಂದ ಜರ್ಮನಿಗೆ ಓದಲು ಹೊರಟವರಿಗೆ: ಹೆಸರು, ವಿಳಾಸ, ಮೊದಲ ತಿಂಗಳು

ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಎಸ್ಸೆಸ್ಸೆಲ್ಸಿ, ಪ್ಲಸ್ ಟು ಎರಡೂ ಕೇರಳದ್ದು. ಇಂಜಿನಿಯರಿಂಗ್ ಪುತ್ತೂರಿನಲ್ಲೋ ಸುಳ್ಯದಲ್ಲೋ, ಅಂದರೆ ಬೆಳಗಾವಿಯ ವಿಟಿಯು ಸರ್ಟಿಫಿಕೇಟು. ಆಧಾರ್ ಮಾಡಿಸಿದ್ದು ಪೇಟೆಯ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರದಲ್ಲಿ. ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದ ತನಕ ನಮ್ಮ ಮಕ್ಕಳ ಫೈಲು ಬಿಚ್ಚಿದರೆ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅರ್ಧ ಕೇರಳದ್ದು, ಅರ್ಧ ಕರ್ನಾಟಕದ್ದು. ಊರಲ್ಲಿ ಇರುವಷ್ಟು ದಿನ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಮಾತ್ರ ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು ಇರುವುದು ಕಣ್ಣಿಗೆ ಬೀಳುತ್ತದೆ.

ನಾನು ಓದಿದ್ದು ಜರ್ಮನಿಯಲ್ಲಿ. ಆದ್ದರಿಂದ ಇಲ್ಲಿ ಹೇಳುವ ಮೊತ್ತ, ನಿಯಮ, ಕಚೇರಿಗಳ ಹೆಸರು ಎಲ್ಲ ಆ ದೇಶದ್ದೇ. ಬ್ರಿಟನ್ನಿಗೋ ಐರ್ಲೆಂಡಿಗೋ ಹೋಗುವವರಿಗೂ ಮೊದಲ ಭಾಗದ ಹೆಸರಿನ ವಿಚಾರ ಪೂರ್ತಿ ಅನ್ವಯಿಸುತ್ತದೆ. ಅಲ್ಲಿನ ಯಾವ ಕಚೇರಿಯೇ ಆಗಲಿ, ಬ್ಯಾಂಕೇ ಆಗಲಿ, ಮೊದಲು ಕೇಳುವುದು ಎರಡು ಸಂಗತಿ: ನೀವು ಯಾರು, ಎಲ್ಲಿ ವಾಸ. ಹೆಸರು ಊರು ಬಿಡುವ ಮೊದಲೇ ಸರಿಯಾಗಿರಬೇಕು. ವಿಳಾಸ ಅಲ್ಲಿ ಇಳಿದ ಕೂಡಲೇ ಗಟ್ಟಿಯಾಗಬೇಕು. ಉಳಿದ ಕೆಲಸಗಳೆಲ್ಲ ಈ ಎರಡರ ಬೆನ್ನಿಗೇ ಬರುತ್ತವೆ.

ಒಂದು ವರ್ಷ ಮುಂಚೆ: ಹೆಸರು ಸರಿಪಡಿಸಿ

ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಓದಿ. ಜನನ ಪ್ರಮಾಣಪತ್ರದಲ್ಲಿ ಬರೇ ‘ಅನುಷಾ’. ಎಸ್ಸೆಸ್ಸೆಲ್ಸಿಯಲ್ಲಿ ‘ಅನುಷಾ ಕೆ’. ಕಾಲೇಜಿನಲ್ಲಿ ಯಾರೋ ಗುಮಾಸ್ತರು ‘ಕೆ ಅನುಷಾ’ ಎಂದು ತಿರುಗಿಸಿ ಬರೆದಿರುತ್ತಾರೆ. ಆ ‘ಕೆ’ ಅಪ್ಪನ ಹೆಸರೋ, ಮನೆಹೆಸರೋ, ಊರಿನ ಹೆಸರೋ ಎಲ್ಲೂ ಬಿಡಿಸಿ ಬರೆದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ‘ಎಚ್’ ಇದೆ, ಇನ್ನೊಂದು ಕಡೆ ಇಲ್ಲ. ಕಾಸರಗೋಡಿನ ನಡುವಿನ ‘ಎ’ ಕೂಡ ಹಾಗೆಯೇ, ಒಂದರಲ್ಲಿ ಉಂಟು, ಒಂದರಲ್ಲಿ ಇಲ್ಲ.

ಹತ್ತನೆಯ ತರಗತಿಯ ಸರ್ಟಿಫಿಕೇಟನ್ನೇ ಆಧಾರವಾಗಿ ಹಿಡಿಯಿರಿ. ಅದರಲ್ಲಿ ತಪ್ಪಿದ್ದರೆ ತಿದ್ದುಪಡಿ ತಿರುವನಂತಪುರದ ಪರೀಕ್ಷಾ ಭವನದಿಂದ ಆಗಬೇಕು. ಕಲಿತ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲು ಕಾಣಿ, ದಾರಿ ಅವರಿಗೆ ಗೊತ್ತಿರುತ್ತದೆ. ಅದು ಸರಿ ಇದ್ದರೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ಕನ್ನು ಅದಕ್ಕೆ ಹೊಂದಿಸಿ. ಸಣ್ಣ ವ್ಯತ್ಯಾಸಗಳಿಗೆ ಎರಡೂ ಹೆಸರು ಒಬ್ಬರದ್ದೇ ಎನ್ನುವ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟು ವಿಲೇಜ್ ಆಫೀಸಿನಿಂದ ಸಿಗುತ್ತದೆ, ಅಕ್ಷಯ ಕೇಂದ್ರದಿಂದಲೇ ಅರ್ಜಿ ಹಾಕಬಹುದು. ನಮ್ಮ ಬ್ಯಾಂಕುಗಳಲ್ಲಿ ಅದು ನಡೆಯುತ್ತದೆ. ಅದನ್ನೇ ನಂಬಿ ವಿಮಾನ ಹತ್ತಬೇಡಿ, ಮೂಲ ದಾಖಲೆಯನ್ನೇ ತಿದ್ದಿಸಿ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂಕಣವನ್ನು ಖಾಲಿ ಬಿಡಬೇಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಇನಿಷಿಯಲ್ ಮಾತ್ರ ಇಟ್ಟುಕೊಳ್ಳುವವರು ಬಹಳ, ಹಾಗಾಗಿ ಪೂರ್ತಿ ಹೆಸರನ್ನು ಒಂದೇ ಅಂಕಣದಲ್ಲಿ ತುಂಬಿಸಿ ಬರುವವರೂ ಬಹಳ. ಜರ್ಮನಿಯ ಪ್ರತಿಯೊಂದು ಫಾರ್ಮಿನಲ್ಲೂ ಸ್ವಂತ ಹೆಸರಿಗೆ ಒಂದು, ಕುಟುಂಬದ ಹೆಸರಿಗೆ ಒಂದು ಅಂಕಣ ಇದ್ದೇ ಇರುತ್ತದೆ. ಒಂದು ಖಾಲಿ ಇದ್ದರೆ ಒಬ್ಬೊಬ್ಬ ಅಧಿಕಾರಿ ಒಂದೊಂದು ಬಗೆಯಲ್ಲಿ ತುಂಬಿಸುತ್ತಾರೆ. ಅಮೆರಿಕದ ವೀಸಾದಲ್ಲಂತೂ ಇದ್ದ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಹಾಕುತ್ತಾರೆ. ಇನಿಷಿಯಲ್ ಬಿಡಿಸಿ ಬರೆಸಿ, ಅದನ್ನೇ ಸರ್‌ನೇಮ್ ಮಾಡಿ.

ಹುಟ್ಟಿದ ಊರು ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಇರಲಿ. ಮನೆ ಪೆರ್ಲದಲ್ಲಿದ್ದರೂ ಹುಟ್ಟಿದ್ದು ಮಂಗಳೂರಿನಲ್ಲಾದರೆ ಮಂಗಳೂರು, ಕರ್ನಾಟಕ ಎಂದೇ ಬರೆಯಬೇಕು. ನಗರದ ಹೆಸರಿನ ಇಂಗ್ಲಿಷ್ ರೂಪ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಮತ್ತು ಹೊಸ ದಾಖಲೆಗಳ ನಡುವೆ ಆ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಅಪ್ಪ ಅಮ್ಮನ ಹಳೆಯ ಸರ್ಟಿಫಿಕೇಟುಗಳಲ್ಲಿ ಕಣ್ಣೂರು ಜಿಲ್ಲೆ ಎಂದಿದ್ದರೂ ಹಾಗೆಯೇ: ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಕೇಳಿದರೆ ಈ ಎರಡು ತಾರೀಕು ಹೇಳಿ ವಿವರಿಸಬಹುದು.

ಸರ್ಟಿಫಿಕೇಟುಗಳ ದೃಢೀಕರಣದಲ್ಲೂ ಗಡಿ ಅಡ್ಡ ಬರುತ್ತದೆ. ಕೆಲವು ದೇಶಗಳು ರಾಜ್ಯ ಸರ್ಕಾರದ ಅಟೆಸ್ಟೇಶನ್, ಆಮೇಲೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಎಂಬ ದೃಢೀಕರಣದ ಮುದ್ರೆ ಕೇಳುತ್ತವೆ. ಕೇರಳದ ಸರ್ಟಿಫಿಕೇಟಿಗೆ ನೋರ್ಕಾ ರೂಟ್ಸ್ ಎಂಬ ಕೇರಳ ಸರ್ಕಾರದ ಸಂಸ್ಥೆ, ನಮಗೆ ಹತ್ತಿರದ ಕಚೇರಿ ಕೋಯಿಕ್ಕೋಡಿನಲ್ಲಿ. ಕರ್ನಾಟಕದ ಡಿಗ್ರಿಯಾದರೆ ಕರ್ನಾಟಕದಲ್ಲೇ ಮಾಡಿಸಬೇಕು. ಎರಡು ರಾಜ್ಯ, ಎರಡು ಓಡಾಟ. ಹಾಗಾಗಿಯೇ ಒಂದು ವರ್ಷ ಮುಂಚೆ ಎಂದದ್ದು. ಜರ್ಮನಿಗಾದರೆ ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸುವ ಎಪಿಎಸ್ ಎಂಬ ಜರ್ಮನ್ ಕಚೇರಿಯ ಸರ್ಟಿಫಿಕೇಟು 2022ರ ನವೆಂಬರಿನಿಂದ ಕಡ್ಡಾಯ. ಅದರ ಶುಲ್ಕ 18,000 ರೂಪಾಯಿ. ಅಂಕಪಟ್ಟಿಗಳನ್ನು ಅವರು ಪರಿಶೀಲಿಸಿ ಕೊಡಲು ವಾರಗಟ್ಟಲೆ ಹಿಡಿಯುತ್ತದೆ, ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಗಡಿ ನಮ್ಮನ್ನು ಕಾಡುವುದಿಲ್ಲ. ಕೇರಳ ಮತ್ತು ಕರ್ನಾಟಕ ಎರಡಕ್ಕೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ.

ಏಜೆಂಟರ ಬಳಿ ಹೋಗುವ ಮೊದಲು

ಪೇಟೆ ಪೇಟೆಯಲ್ಲೂ ಈಗ ವಿದೇಶ ವ್ಯಾಸಂಗದ ಫಲಕಗಳಿವೆ. ಒಳ್ಳೆಯವರೂ ಇದ್ದಾರೆ. ಆದರೆ ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೊ ಕಟ್ಟಿದರೆ ಆಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿಸಿದರೆ ಏಜೆಂಟರಿಗೆ ಕಮಿಷನ್ ಹುಟ್ಟುವುದಿಲ್ಲ, ಖಾಸಗಿ ಕಾಲೇಜಿಗೆ ಸೇರಿಸಿದರೆ ಹುಟ್ಟುತ್ತದೆ. ಯಾವ ಹೆಸರು ಹೇಳಿದರೂ ಮನೆಗೆ ಬಂದು ‘ಅನಬಿನ್’ ಎಂಬ ಜರ್ಮನ್ ಸರ್ಕಾರಿ ಪಟ್ಟಿಯಲ್ಲಿ ಹುಡುಕಿ. ‘ಎಚ್ ಪ್ಲಸ್’ ಎಂದಿದ್ದರೆ ಮಾನ್ಯತೆ ಇದೆ ಎಂದರ್ಥ. ನಿಮ್ಮ ಇಲ್ಲಿನ ವಿಶ್ವವಿದ್ಯಾಲಯವನ್ನೂ ಅಲ್ಲೇ ನೋಡಬಹುದು. ಕೋರ್ಸುಗಳ ಪಟ್ಟಿ ‘ಡಾಡ್’ (ಡಿಎಎಡಿ) ಎಂಬ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಡಿಕೆ ತೋಟ ಅಡವಿಟ್ಟು ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಸಂಜೆ ಕೂತು ಇಷ್ಟು ನೋಡಿ, ದಯವಿಟ್ಟು.

ದುಡ್ಡು

ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಿಮ್ಮ ಕೈಗೆ ಬರುತ್ತದೆ.

ನಮ್ಮಲ್ಲಿ ಬಹಳಷ್ಟು ಮನೆಗಳ ದುಡ್ಡು ಇರುವುದು ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ. ಅಲ್ಲಿಂದ ನೇರ ವಿದೇಶಕ್ಕೆ ಕಳುಹಿಸಲು ಬರುವುದಿಲ್ಲ. ವಿದೇಶಿ ವಿನಿಮಯದ ಅಧಿಕಾರ ಇರುವ ಬ್ಯಾಂಕಿಗೆ ಮೊದಲು ವರ್ಗಾಯಿಸಬೇಕು, ಅಲ್ಲಿ ವಿದೇಶಕ್ಕೆ ಹಣ ಕಳುಹಿಸಲು ತುಂಬುವ ಎ-2 ಫಾರ್ಮು, ಪಾನ್, ಪ್ರವೇಶ ಪತ್ರ ಕೊಡಬೇಕು. ಸಣ್ಣ ಬ್ರಾಂಚಿನಲ್ಲಿ ಈ ಕೆಲಸ ಮಾಡಿ ಅಭ್ಯಾಸ ಇರುವುದಿಲ್ಲ, ಕಾಸರಗೋಡಿನ ಅಥವಾ ಮಂಗಳೂರಿನ ದೊಡ್ಡ ಬ್ರಾಂಚಿಗೇ ಹೋಗಿ. ಅಡಿಕೆ ಮಾರಿ ಕಟ್ಟುವ ಯೋಚನೆ ಇದ್ದರೆ ಧಾರಣೆ ಏರಲಿ ಎಂದು ಕೊನೆಯ ವಾರದ ತನಕ ಕಾಯಬೇಡಿ. ಸ್ವಂತ ದುಡ್ಡು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆಯನ್ನು ಅಲ್ಲೇ ಹಿಡಿಯುತ್ತದೆ, ಕಳುಹಿಸಿದವರು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಬ್ಯಾಂಕಿನ ವಿದ್ಯಾಭ್ಯಾಸ ಸಾಲದ ದುಡ್ಡಿಗೆ 2025ರ ಏಪ್ರಿಲಿನಿಂದ ಟಿಸಿಎಸ್ ಇಲ್ಲ.

ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಕೈಗೆ ಬರಲು ಅಲ್ಲಿ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮುಂಗಡ, ಮೊದಲ ಬಾಡಿಗೆ, ಊಟಕ್ಕೆ ಸಾಕಾಗುವಷ್ಟು ಬೇರೆಯೇ ಇಟ್ಟುಕೊಳ್ಳಿ, ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಊರಿನ ಸಿಮ್ ಕಾರ್ಡನ್ನು ಸಾಯಲು ಬಿಡಬೇಡಿ. ರೋಮಿಂಗ್ ಹಾಕಿಸಿ ಇಟ್ಟುಕೊಂಡರೆ ಬ್ಯಾಂಕಿನ ಒಟಿಪಿ ಬರುತ್ತದೆ.

ಪೆಟ್ಟಿಗೆ ಕಟ್ಟುವಾಗ

ಇದರ ಬಗ್ಗೆ ಅಮ್ಮಂದಿರಿಗೆ ಹೇಳಬೇಕಾದ್ದು ಸ್ವಲ್ಪ ಇದೆ. ಹಾಲಿನ ಮತ್ತು ಮಾಂಸದ ಯಾವ ಪದಾರ್ಥವನ್ನೂ ಯುರೋಪಿಗೆ ಒಯ್ಯುವ ಹಾಗಿಲ್ಲ. ಮನೆಯ ತುಪ್ಪ, ಪೇಡ ಎರಡನ್ನೂ ಬಿಡಬೇಕು. ಹಸಿ ಕರಿಬೇವು, ವೀಳ್ಯದೆಲೆ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿಯ ಭಯದಿಂದ ವಿಮಾನದಲ್ಲೇ ಬಿಡುವುದಿಲ್ಲ. ಹಲಸಿನ ಹಪ್ಪಳ, ಮಾಂಬಳ, ಸಾರಿನ ಪುಡಿ, ಗಟ್ಟಿಯಾಗಿ ಮುಚ್ಚಿದ ಮಿಡಿ ಉಪ್ಪಿನಕಾಯಿ ಧಾರಾಳ ಹಾಕಬಹುದು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಇರಲಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮೂಲ ಸರ್ಟಿಫಿಕೇಟುಗಳೂ ಅಷ್ಟೇ, ಯಾವ ಕಾರಣಕ್ಕೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ.

ಚಳಿಯ ಜಾಕೆಟ್ ಊರಲ್ಲಿ ಖರೀದಿಸುವುದು ದಂಡ, ಅಲ್ಲೇ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ. ಅದರ ಬದಲು ಹಲ್ಲಿನ ಡಾಕ್ಟರನ್ನು ಒಮ್ಮೆ ಕಂಡು ಬನ್ನಿ, ಕನ್ನಡಕ ಹಾಕುವವರು ಇನ್ನೊಂದು ಜೊತೆ ಮಾಡಿಸಿಕೊಳ್ಳಿ.

ಮಂಗಳೂರು ಅಥವಾ ಕಣ್ಣೂರಿನಿಂದ ಹೊರಟರೆ ನಡುವೆ ವಿಮಾನ ಬದಲಿಸಲೇ ಬೇಕು. ಕೊನೆಯ ಊರಿನ ತನಕ ಒಂದೇ ಟಿಕೆಟ್ ಮಾಡಿ. ಎರಡು ಬೇರೆ ಟಿಕೆಟ್ ಅಗ್ಗವಾಗಿ ಕಂಡರೂ ನಡುವೆ ಲಗೇಜು ಇಳಿಸಿ ಮತ್ತೆ ಹಾಕಬೇಕಾಗುತ್ತದೆ. ಮೊದಲ ವಿಮಾನ ತಡವಾದರೆ ಎರಡನೆಯ ಟಿಕೆಟಿನ ದುಡ್ಡೂ ಹೋಗುತ್ತದೆ.

ಇಳಿದ ಮೇಲೆ: ವಿಳಾಸ

ಪ್ರವೇಶ ಪತ್ರ ಬಂದ ದಿನವೇ ‘ಶ್ಟುಡೀರೆಂಡನ್‌ವೆರ್ಕ್’ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿ. ಕಾಯುವ ಪಟ್ಟಿ ಉದ್ದ ಇರುತ್ತದೆ, ಆದರೆ ಅದಕ್ಕಿಂತ ಅಗ್ಗ ಮತ್ತು ನಂಬಿಕೆಯ ಜಾಗ ಬೇರೆ ಇಲ್ಲ. ಸಿಗದಿದ್ದರೆ ನಾಲ್ಕು ಜನ ಸೇರಿ ಇರುವ ಮನೆಯಲ್ಲಿ ಒಂದು ಕೋಣೆ ಹುಡುಕಬೇಕು, ಅದಕ್ಕೆ ಅಲ್ಲಿ ‘ವೇಗೇ’ ಅನ್ನುತ್ತಾರೆ. ಕೋಣೆ ನೋಡದೆ, ಒಪ್ಪಂದ ಕೈಗೆ ಬಾರದೆ ಯಾರಿಗೂ ಮುಂಗಡ ಕಳುಹಿಸಬೇಡಿ. ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿದರೆ ಕೀಲಿ ಪೋಸ್ಟಿನಲ್ಲಿ ಬರುತ್ತದೆ’ ಎನ್ನುವವರೆಲ್ಲ ಮೋಸಗಾರರೇ. ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರಬಾರದು. ಬಾಡಿಗೆ ಕೇಳುವಾಗ ‘ವಾರ್ಮ್’ ಎಷ್ಟು ಎಂದು ಕೇಳಿ. ‘ಕಾಲ್ಟ್’ ಎಂದರೆ ಬರೇ ಗೋಡೆಯ ಬಾಡಿಗೆ, ಹೀಟರು, ನೀರು ಅದರಲ್ಲಿ ಸೇರಿಲ್ಲ.

ಇನ್ನೊಂದು ಪ್ರಶ್ನೆಯನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು: ‘ಆನ್‌ಮೆಲ್ಡುಂಗ್ ಮಾಡಲು ಬಿಡುತ್ತೀರಾ?’ ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಾನೂನು. ಅದಕ್ಕೆ ಪಾಸ್‌ಪೋರ್ಟು, ಫಾರ್ಮು, ಜೊತೆಗೆ ‘ಇವರು ನಮ್ಮ ಮನೆಯಲ್ಲಿ ವಾಸ’ ಎಂದು ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಆ ಸಹಿ ಕೊಡಲಾರೆ ಎನ್ನುವವರ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ದೊಡ್ಡ ನಗರಗಳಲ್ಲಿ ಕಚೇರಿಯ ದಿನ ಸಿಗುವುದೇ ತಡ. ಊರಲ್ಲಿರುವಾಗಲೇ ಆನ್‌ಲೈನಿನಲ್ಲಿ ದಿನ ಕಾಯ್ದಿರಿಸಿ, ಆ ರಸೀದಿ ಇಟ್ಟುಕೊಳ್ಳಿ.

ನೋಂದಣಿ ಫಾರ್ಮಿನಲ್ಲಿ ಧರ್ಮ ಯಾವುದು ಎಂಬ ಅಂಕಣ ಇರುತ್ತದೆ. ಬೇಳ, ಕಯ್ಯಾರು, ಮಂಜೇಶ್ವರ ಕಡೆಯ ಕ್ಯಾಥೊಲಿಕ್ ಮಕ್ಕಳು ಇದನ್ನು ತಿಳಿದಿರಬೇಕು: ಅಲ್ಲಿ ಬರೆದದ್ದು ತೆರಿಗೆ ಕಚೇರಿಗೆ ಹೋಗುತ್ತದೆ, ಮುಂದೆ ಸಂಬಳ ಬರುವಾಗ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಕಡಿತವಾಗುತ್ತದೆ. ಕೊಡುವುದು ನಿಮ್ಮ ಶ್ರದ್ಧೆಗೆ ಬಿಟ್ಟದ್ದು. ಗೊತ್ತಿದ್ದು ಕೊಡಿ ಎಂದಷ್ಟೇ ನನ್ನ ಮಾತು.

ಕೋಣೆಗೆ ಕಾಲಿಟ್ಟ ದಿನವೇ ಮಾಡಬೇಕಾದ ಸಣ್ಣ ಕೆಲಸ ಒಂದಿದೆ, ಅದನ್ನು ಯಾರೂ ಮುಂಚೆ ಹೇಳಿಕೊಡುವುದಿಲ್ಲ. ಕೆಳಗಿನ ಬಾಗಿಲ ಬಳಿ ಸಾಲಾಗಿ ಟಪಾಲು ಪೆಟ್ಟಿಗೆಗಳಿರುತ್ತವೆ. ಒಂದೊಂದರ ಮೇಲೂ ಬೆರಳಗಲದ ಚೀಟಿ, ಅದರಲ್ಲಿ ಮನೆಯವರ ಕುಟುಂಬದ ಹೆಸರು. ನಿಮ್ಮ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಲ್ಲಿ ಅಂಟಿಸಿ. ಜರ್ಮನಿಯಲ್ಲಿ ಫ್ಲಾಟ್ ಸಂಖ್ಯೆ ನೋಡಿ ಟಪಾಲು ಹಾಕುವ ರೂಢಿ ಕಡಿಮೆ, ಪೋಸ್ಟಿನವರು ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್ಸು. ಬ್ಯಾಂಕ್ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ತೆರಿಗೆ ಸಂಖ್ಯೆ ಮತ್ತೊಂದರಲ್ಲಿ, ಆರೋಗ್ಯ ವಿಮೆಯ ಕಾರ್ಡು ಬೇರೊಂದರಲ್ಲಿ, ಎಲ್ಲವೂ ಟಪಾಲಿನಲ್ಲೇ ಬರುವುದು. ಪಾಸ್‌ಪೋರ್ಟಿನ ಸರ್‌ನೇಮ್ ಏನಿದೆಯೋ ಚೀಟಿಯಲ್ಲೂ ಅದೇ ಇರಬೇಕು. ಊರಲ್ಲಿ ಅಷ್ಟು ಓಡಾಡಿ ಹೆಸರು ಸರಿ ಮಾಡಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದಾದ ಮೇಲೊಂದು ಮಾಡುವ ಕ್ರಮ ಹೀಗೆ. ಊರು ಬಿಡುವ ಮೊದಲೇ ಆರೋಗ್ಯ ವಿಮೆಗೆ ಅರ್ಜಿ ಹಾಕಿ, ಯಾಕೆಂದರೆ ಅದಿಲ್ಲದೆ ವಿಶ್ವವಿದ್ಯಾಲಯ ದಾಖಲಾತಿ ಕೊಡುವುದಿಲ್ಲ. 30 ವರ್ಷದೊಳಗಿನವರು ಸಾರ್ವಜನಿಕ ವಿಮೆಯನ್ನೇ ತೆಗೆದುಕೊಳ್ಳಿ, ತಿಂಗಳಿಗೆ ಸುಮಾರು 140–150 ಯೂರೊ ಆಗುತ್ತದೆ. ಅಗ್ಗದ ಖಾಸಗಿ ವಿಮೆಗೆ ಒಮ್ಮೆ ಹೋದರೆ ಓದು ಮುಗಿಯುವ ತನಕ ಹಿಂದಿರುಗುವುದು ಕಷ್ಟ. ಅಲ್ಲಿ ಇಳಿದ ಮೇಲೆ ಮೊದಲು ಆನ್‌ಮೆಲ್ಡುಂಗ್, ಆ ಕಾಗದ ಹಿಡಿದು ಬ್ಯಾಂಕ್ ಖಾತೆ, ಖಾತೆ ಸಂಖ್ಯೆ ಕೊಟ್ಟು ಬ್ಲಾಕ್ಡ್ ಅಕೌಂಟಿನ ಕಂತು ತೆರೆಸುವುದು.

ಕೆಲವು ವಾರ ಬಿಟ್ಟು ರೇಡಿಯೋ-ಟಿವಿ ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೊ. ಮನೆಯಲ್ಲಿ ಟಿವಿಯೇ ಇಲ್ಲ ಎಂದು ಅದನ್ನು ಹರಿದು ಹಾಕಬೇಡಿ, ದಂಡ ಬೆಳೆಯುತ್ತದೆ. ಒಂದು ಮನೆಗೆ ಒಂದೇ ಶುಲ್ಕ, ಜೊತೆಯವರು ಈಗಾಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಕಳುಹಿಸಿ, ಹಂಚಿಕೊಳ್ಳಿ.

ದಿನನಿತ್ಯ

ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಸಾಮಾನು ತನ್ನಿ. ರಾತ್ರಿ 10ರ ನಂತರ ಗದ್ದಲ ಸಲ್ಲದು. ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ, ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಹಾಕಿದರೆ ಹೆಚ್ಚಿನವಕ್ಕೆ 25 ಸೆಂಟ್ ವಾಪಸ್ಸು ಬರುತ್ತದೆ. ಟಿಕೆಟಿಲ್ಲದೆ ರೈಲು ಹತ್ತಿ ಸಿಕ್ಕಿಬಿದ್ದರೆ 60 ಯೂರೊ ದಂಡ. ಆಂಬ್ಯುಲೆನ್ಸಿಗೆ 112, ಪೊಲೀಸರಿಗೆ 110, ರಾತ್ರಿ ಹೊತ್ತು ಜ್ವರಕ್ಕೆ ಡಾಕ್ಟರು ಬೇಕಾದರೆ 116117.

ಬೆಳ್ತಿಗೆ ಅಕ್ಕಿ ಎಲ್ಲ ಕಡೆ ಸಿಗುತ್ತದೆ. ಕುಚ್ಚಿಲಕ್ಕಿ ಬೇಕಾದವರು ಶ್ರೀಲಂಕಾದ ತಮಿಳರ ಅಂಗಡಿ ಹುಡುಕಿ. ದೊಡ್ಡ ಊರುಗಳಲ್ಲಿ ಇದ್ದೇ ಇರುತ್ತದೆ, ಅಲ್ಲೇ ತುರಿದ ತೆಂಗಿನಕಾಯಿಯೂ ಕರಿಬೇವೂ ಸಿಗುತ್ತವೆ. ವಿಶ್ವವಿದ್ಯಾಲಯದ ಮೆನ್ಸಾದಲ್ಲಿ, ಅಂದರೆ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಅಗ್ಗ, ಸಸ್ಯಾಹಾರಿಗಳಿಗೂ ದಿನಾ ಏನಾದರೂ ಇರುತ್ತದೆ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ಸಂಜೆ ನಾಲ್ಕು, ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ಬೆಳಕಿರುವಾಗ ಒಂದು ಸುತ್ತು ಹೊರಗೆ ನಡೆಯಿರಿ, ಮನಸ್ಸು ಕುಗ್ಗಿದರೆ ಮುಚ್ಚಿಟ್ಟುಕೊಳ್ಳಬೇಡಿ. ಶ್ಟುಡೀರೆಂಡನ್‌ವೆರ್ಕಿನವರು ಆಪ್ತ ಸಲಹೆಯನ್ನು ಸಾಮಾನ್ಯವಾಗಿ ಉಚಿತವಾಗಿ ಕೊಡುತ್ತಾರೆ. ಹೀಟರು ಹಾಕಿದ ಕೋಣೆಯ ಕಿಟಕಿಯನ್ನು ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಪೂರ್ತಿ ತೆರೆಯಿರಿ. ಇಲ್ಲವಾದರೆ ಆಟಿ ತಿಂಗಳ ನಮ್ಮ ಗೋಡೆಗಳ ಹಾಗೆ ಬೂಸಲು ಹಿಡಿಯುತ್ತದೆ, ಅದರ ಖರ್ಚನ್ನು ಮುಂಗಡದಲ್ಲಿ ಹಿಡಿದುಕೊಳ್ಳುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಕಲಿತವರು ಮಾತಿನ ಬಗ್ಗೆ ಹೆದರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಆಡಿ ಬೆಳೆದವರು ನಾವು. ತಪ್ಪು ತಪ್ಪಾಗಿಯಾದರೂ ಇನ್ನೊಂದು ಭಾಷೆಯಲ್ಲಿ ವ್ಯವಹಾರ ಮಾಡುವ ಧೈರ್ಯ ನಮಗೆ ಚಿಕ್ಕಂದಿನಿಂದಲೇ ಇದೆ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಊರು ಬಿಡುವ ಮೊದಲು ಜರ್ಮನ್ ಭಾಷೆಯ ಎ-1 ಹಂತ, ಆಗುವುದಾದರೆ ಎ-2 ಕೂಡ ಮುಗಿಸಿ. ಕೆಲಸ ಹುಡುಕುವ ಹೊತ್ತಿಗೆ ಬಿ-1 ಇಲ್ಲದೆ ಬಾಗಿಲು ತೆರೆಯುವುದು ಕಷ್ಟ. ಮಲಯಾಳಿಗಳು ಆ ದೇಶದಲ್ಲಿ ಬಹಳ ಇದ್ದಾರೆ, ನರ್ಸುಗಳು, ವಿದ್ಯಾರ್ಥಿಗಳು. ಕನ್ನಡಿಗರೂ ಇದ್ದಾರೆ. ಎರಡೂ ಕೂಟದಲ್ಲಿ ಸಲುಗೆಯಿಂದ ಹೋಗಿ ಕೂರಬಲ್ಲ ಭಾಗ್ಯ ಗಡಿನಾಡಿನವರಿಗೆ ಮಾತ್ರ. ಕೋಣೆಯ ಸುದ್ದಿ, ಹಳೆಯ ಸೈಕಲ್ಲು, ಪಾರ್ಟ್‌ಟೈಮ್ ಕೆಲಸ, ಇವೆಲ್ಲ ಸಿಗುವುದು ಅಲ್ಲಿಂದಲೇ.

ಕೆಲಸ ಎಂದಾಗ ಲೆಕ್ಕ ನೆನಪಿರಲಿ: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ವಿದ್ಯಾರ್ಥಿ ವಿಮೆಗೂ ತೊಡಕು. ಮೊದಲ ಸೆಮಿಸ್ಟರಿನಲ್ಲಿ ಕೆಲಸವೇ ಬೇಡ ಎಂಬುದು ನನ್ನ ಅಭಿಪ್ರಾಯ.

ವೀಸಾ ಮುಗಿಯುವ ಮೊದಲು

ಊರಿನಿಂದ ಹೊಡೆಸಿಕೊಂಡು ಬರುವ ವೀಸಾ ಸಾಮಾನ್ಯವಾಗಿ ಕೆಲವು ತಿಂಗಳದ್ದು ಮಾತ್ರ. ಆಮೇಲೆ ಆ ನಗರದ ವಿದೇಶಿಯರ ಕಚೇರಿಯಿಂದ ವಾಸದ ಪರವಾನಗಿ ಪಡೆಯಬೇಕು. ಅವರು ದಿನ ಕೊಡಲು ತಿಂಗಳುಗಟ್ಟಲೆ ಆಗುವುದುಂಟು, ಹಾಗಾಗಿ ಆನ್‌ಮೆಲ್ಡುಂಗ್ ಆದ ವಾರವೇ ಅರ್ಜಿ ಹಾಕಿ. ವೀಸಾ ಮುಗಿಯುವ ಮೊದಲು ಅರ್ಜಿ ತಲುಪಿದ್ದರೆ ತೀರ್ಮಾನ ಬರುವ ತನಕ ಅಲ್ಲಿ ಇರುವುದು ಕಾನೂನುಬದ್ಧ. ಅದಕ್ಕೆ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ಪತ್ರ ಕೇಳಿ ಪಡೆಯಿರಿ. ಆ ಪತ್ರದಲ್ಲಿ ಬೇರೆ ಬೇರೆ ಬಗೆಗಳಿವೆ, ಕೆಲವು ಬಗೆಯದ್ದರಲ್ಲಿ ದೇಶ ಬಿಟ್ಟು ಹೋದರೆ ಮರಳಿ ಬರಲು ಬಿಡುವುದಿಲ್ಲ. ಅಕ್ಕನ ಮದುವೆಗೋ ತರವಾಡಿನ ಕೋಲಕ್ಕೋ ಊರಿಗೆ ಬರಬೇಕೆಂದಿದ್ದರೆ, ನಿಮ್ಮ ಕೈಯಲ್ಲಿರುವುದು ಯಾವ ಬಗೆಯದ್ದು ಎಂದು ಕಚೇರಿಯಲ್ಲಿ ಕೇಳಿಯೇ ಟಿಕೆಟ್ ಮಾಡಿ.